ದೂರದಿಂದ ಮಾತಾಡಿಸುವುದು: ಶಾಲೆ ಮುಚ್ಚಿದ ಕಾಲ, ಅಂತರಜಾಲ ಮತ್ತು ಮುದಗಲ್ ಸೀಮೆಯ ವಿದ್ಯಾರ್ಥಿಗಳ ಮನಸ್ಸಿನ ತಾಳಿಕೆ

ಕನ್ನಡದ ‘ಮಾತಾಡು’ ಎಂಬ ಕ್ರಿಯಾಪದಕ್ಕೆ ‘ಇಸು’ ಪ್ರತ್ಯಯ ಸೇರಿ ‘ಮಾತಾಡಿಸು’ ಎಂದಾಗುವುದು ವ್ಯಾಕರಣದ ಲೆಕ್ಕದಲ್ಲಿ ಒಂದು ಸಾಮಾನ್ಯ ಪ್ರೇರಣಾರ್ಥಕ ರೂಪ ಮಾತ್ರವಾದರೂ, ಬಳಕೆಯಲ್ಲಿ ಆ ಪುಟ್ಟ ಪ್ರತ್ಯಯ ಹೊತ್ತಿರುವ ಹೊಣೆ ದೊಡ್ಡದು. ಕಾಯಿಲೆ ಬಿದ್ದವರನ್ನು ಮಾತಾಡಿಸಿಕೊಂಡು ಬರುವುದು, ಸಾವಾದ ಮನೆಗೆ ಹೋಗಿ ಮನೆಯವರನ್ನು ಮಾತಾಡಿಸುವುದು, ತವರಿಗೆ ಬಂದ ಹೆಣ್ಣುಮಗಳನ್ನು ಓಣಿಯವರೆಲ್ಲ ಬಂದು ಮಾತಾಡಿಸುವುದು ಇವೆಲ್ಲ ರೂಢಿಯಾಗಿ ನಡೆದುಬಂದ ನಡವಳಿಕೆಗಳಾಗಿದ್ದು, ಊರಿಗೆ ಬಂದೂ ಮಾತಾಡಿಸದೆ ಹೋದವರ ಮೇಲೆ ಬಂಧುಗಳ ಮುನಿಸು ವರ್ಷಗಟ್ಟಲೆ ಉಳಿಯುವುದನ್ನು ಎಲ್ಲರೂ ಬಲ್ಲರು. ಇಂಥ ಮಾತುಕತೆಯಲ್ಲಿ ಹೊಸ ಸುದ್ದಿ ಏನೂ ಇರಬೇಕಾಗಿಲ್ಲ. ತಾನು ಇನ್ನೊಬ್ಬರ ಎಣಿಕೆಯಲ್ಲಿದ್ದೇನೆ ಎಂಬುದು ಎದುರಿನವರಿಗೆ ತಿಳಿದರೆ ಬಂದ ಕೆಲಸ ಆದಂತೆ. 2020 ಮತ್ತು 2021ರಲ್ಲಿ ಕೊರೊನಾ ಸೋಂಕಿನ ಕಾರಣದಿಂದ ಶಾಲೆ ಕಾಲೇಜುಗಳು ಮುಚ್ಚಿದ್ದಾಗ ವಿದ್ಯಾರ್ಥಿಗಳ ಮನಸ್ಸು ಹೇಗೆ ತಾಳಿಕೊಂಡಿತು, ಅಂತರಜಾಲದ ಸಂಪರ್ಕ ಅದಕ್ಕೆ ಎಷ್ಟರಮಟ್ಟಿಗೆ ಆಸರೆಯಾಯಿತು ಎಂಬ ಪ್ರಶ್ನೆಯನ್ನು ಪ್ರಸ್ತುತ ಉಪನ್ಯಾಸವು ಈ ಒಂದು ಕ್ರಿಯಾಪದವನ್ನು ಮುಂದಿಟ್ಟುಕೊಂಡು ಪರಿಶೀಲಿಸುತ್ತದೆ. ಪರಿಶೀಲನೆಗೆ ಆರಿಸಿಕೊಂಡ ನೆಲ ರಾಯಚೂರು ಜಿಲ್ಲೆಯ ಮುದಗಲ್ ಮತ್ತು ಅದರ ಸುತ್ತಲಿನ ಲಿಂಗಸುಗೂರು, ಮಸ್ಕಿ, ಸಿಂಧನೂರು ತಾಲ್ಲೂಕುಗಳು.

ಬಳಸುವ ಪದಗಳ ಅರ್ಥವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಮನೋವಿಜ್ಞಾನಿಗಳು ‘ರೆಸಿಲಿಯನ್ಸ್’ ಎಂದು ಕರೆಯುವ ಗುಣಕ್ಕೆ ಇಲ್ಲಿ ‘ಮನಸ್ಸಿನ ತಾಳಿಕೆ’ ಎಂಬ ಮಾತನ್ನು ಬಳಸಲಾಗಿದೆ. ತಾಳ್ಮೆ ಎಂದರೆ ಕಷ್ಟವನ್ನು ಸದ್ದಿಲ್ಲದೆ ಸಹಿಸುವುದು. ತಾಳಿಕೆ ಎಂಬುದು ಹಗ್ಗ, ಬಟ್ಟೆ, ಮರಮುಟ್ಟುಗಳ ಬಗ್ಗೆ ಆಡುವ ಮಾತಾಗಿದ್ದು, ಎಳೆತಕ್ಕೆ ಸಿಕ್ಕರೂ ನೆನೆದರೂ ಒಣಗಿದರೂ ಕೆಲಸಕ್ಕೆ ಬರುವ ಗುಣವನ್ನು ಅದು ಸೂಚಿಸುತ್ತದೆ. ಮಕ್ಕಳ ಮಟ್ಟಿಗೆ ಈ ಎರಡನೆಯ ಅರ್ಥವೇ ಸರಿಯಾದುದು, ಏಕೆಂದರೆ ಅಳದ, ಕೇಳದ, ಮೂಲೆ ಹಿಡಿದು ಕೂತ ಮಗುವನ್ನು ದೊಡ್ಡವರು ‘ಬಲು ತಾಳ್ಮೆಯ ಕೂಸು’ ಎಂದು ಹೊಗಳುತ್ತಿರುವಾಗಲೇ ಅದರ ತಾಳಿಕೆ ಒಳಗಿಂದೊಳಗೆ ಸವೆಯುತ್ತಿರಬಹುದು. ಹಾಗೆಯೇ ಏಕಾಂತವೂ ಒಂಟಿತನವೂ ಒಂದೇ ಅಲ್ಲ. ಏಕಾಂತವನ್ನು ಮನುಷ್ಯ ತಾನಾಗಿ ಬಯಸಿ ಪಡೆಯುತ್ತಾನೆ, ಒಂಟಿತನ ಬಯಸದೆ ಬಂದು ಮೇಲೆ ಬೀಳುತ್ತದೆ. ಅಮೆರಿಕದ ಸಮಾಜವಿಜ್ಞಾನಿ ರಾಬರ್ಟ್ ವೈಸ್ ಅವರು 1973ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಒಂಟಿತನವನ್ನು ಮತ್ತೆ ಎರಡು ಬಗೆಯಾಗಿ ವಿಂಗಡಿಸಿದರು. ಅತ್ಯಂತ ಹತ್ತಿರದ ಒಬ್ಬರ ಒಡನಾಟ ಇಲ್ಲವಾದಾಗ ಹುಟ್ಟುವುದು ಭಾವನಾತ್ಮಕ ಒಂಟಿತನ. ಓರಿಗೆಯವರ ಬಳಗ, ಗುಂಪು, ನೆರೆಹೊರೆ ಇಲ್ಲವಾದಾಗ ಹುಟ್ಟುವುದು ಸಾಮಾಜಿಕ ಒಂಟಿತನ. ಇವೆರಡರಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬಲಾರದು ಎಂಬುದು ಅವರ ವಾದದ ತಿರುಳು. ಶಾಲೆ ಮುಚ್ಚಿದ ಕಾಲದ ಹಳ್ಳಿಯ ಮಕ್ಕಳ ಸ್ಥಿತಿಯನ್ನು ಅರಿಯಲು ಈ ವಿಂಗಡಣೆ ಬಹಳ ನೆರವಾಗುತ್ತದೆ. ಮಹಾನಗರದ ವಿದ್ಯಾರ್ಥಿ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಉಳಿದು ಸೊರಗಿದನೆಂದರೆ, ಮುದಗಲ್ ಕಡೆಯ ಮಗು ಅಜ್ಜಿ, ತಾಯಿ, ಚಿಕ್ಕಪ್ಪ, ತಮ್ಮ ತಂಗಿಯರಿಂದ ತುಂಬಿದ ಒಂದೂವರೆ ಅಂಕಣದ ಮನೆಯಲ್ಲಿ ಕೂತು, ಏಕಾಂತವೂ ಇಲ್ಲದೆ ಓರಿಗೆಯವರೂ ಇಲ್ಲದೆ ಸೊರಗಿತು.

ಘಟನೆಗಳ ಕಾಲಾನುಕ್ರಮವನ್ನು ಇಲ್ಲಿ ಚಿಕ್ಕದಾಗಿ ನೆನೆಯುವುದು ಅವಶ್ಯ. ಭಾರತದಲ್ಲಿ ಕೊರೊನಾದಿಂದ ಸಂಭವಿಸಿದ ಮೊದಲ ಸಾವು 2020ರ ಮಾರ್ಚ್ 10ರಂದು ಕಲಬುರಗಿಯಲ್ಲಿ ಆದುದರಿಂದ ಕಲ್ಯಾಣ ಕರ್ನಾಟಕದ ಜನರಿಗೆ ಈ ರೋಗ ದೂರದ ಸುದ್ದಿಯಾಗಿ ಉಳಿಯಲೇ ಇಲ್ಲ. ಅದೇ ತಿಂಗಳ ನಡುವಿನಲ್ಲಿ ಶಾಲೆಗಳು ಬಾಗಿಲು ಹಾಕಿದವು, 25ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂತು, 27ರಿಂದ ನಡೆಯಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದಕ್ಕೆ ಹೋಗಿ ಜೂನ್ 25ರಂದು ಆರಂಭವಾಯಿತು. 2021ರ ಜನವರಿ 1ರಿಂದ ಹತ್ತನೆಯ ತರಗತಿ ಮತ್ತು ದ್ವಿತೀಯ ಪಿಯುಸಿ ಮಕ್ಕಳಿಗೆ ಶಾಲೆ ಕಾಲೇಜು ತೆರೆದವಾದರೂ, ಏಪ್ರಿಲ್ ಹೊತ್ತಿಗೆ ಎರಡನೆಯ ಅಲೆ ಅಪ್ಪಳಿಸಿ ಎಲ್ಲವೂ ಮತ್ತೆ ನಿಂತವು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ನಿಯತವಾಗಿ ತೆರೆದದ್ದು 2021ರ ಅಕ್ಟೋಬರ್ 25ರಂದು, ಅಂದರೆ ಸುಮಾರು 19 ತಿಂಗಳ ನಂತರ; ಒಂದನೆಯ ತರಗತಿಯಲ್ಲಿ ಅಕ್ಷರ ತಿದ್ದುತ್ತಿದ್ದ ಕೂಸು ಮುಂದೆ ಶಾಲೆಯ ಮೆಟ್ಟಿಲು ಹತ್ತಿದಾಗ ಮೂರನೆಯ ತರಗತಿಯಲ್ಲಿತ್ತು. ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಚ್‌ನಲ್ಲಿಯೇ ‘ಸಾಮಾಜಿಕ ಅಂತರ’ ಎಂಬ ಮಾತಿನ ಬದಲು ‘ದೈಹಿಕ ಅಂತರ’ ಎಂಬ ಮಾತನ್ನು ಬಳಸತೊಡಗಿ, ಮೈ ದೂರವಿದ್ದರೂ ಸಂಬಂಧ ಕಡಿಯಬಾರದೆಂದು ಸೂಚಿಸಿತ್ತು. ಆದರೆ ಕನ್ನಡದ ಭಿತ್ತಿಪತ್ರಗಳಲ್ಲೂ ಫೋನು ಹಚ್ಚಿದರೆ ಕೇಳಿಬರುತ್ತಿದ್ದ ಎಚ್ಚರಿಕೆಗಳಲ್ಲೂ ‘ಸಾಮಾಜಿಕ ಅಂತರ’ವೇ ಗಟ್ಟಿಯಾಗಿ ನೆಲೆಯೂರಿತು. ಜಾತಿಯ ಅಂತರವನ್ನು ತಲೆಮಾರುಗಳಿಂದ ಉಂಡ ಕೇರಿಗಳಲ್ಲಿ ಆ ಪದ ಯಾವ ದನಿಯಲ್ಲಿ ಕೇಳಿಸಿರಬೇಕೆಂಬುದು ಯೋಚಿಸತಕ್ಕ ವಿಷಯ.

ಅಗಲಿಕೆ ಮುದಗಲ್ ಸೀಮೆಗೆ 2020ರಲ್ಲಿ ಹೊಸದಾಗಿ ಬಂದುದಲ್ಲ ಎಂಬ ಸಂಗತಿ ಈ ವಿವೇಚನೆಯಲ್ಲಿ ಬಹಳ ಮುಖ್ಯ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುವ ಸಿಂಧನೂರಿನ ಗದ್ದೆಗಳಿಗೂ, ಮಳೆಯನ್ನೇ ನೆಚ್ಚಿದ ಮುದಗಲ್, ಲಿಂಗಸುಗೂರು, ಮಸ್ಕಿಯ ಮಡ್ಡಿ ಹೊಲಗಳಿಗೂ ಕೆಲವೇ ಮೈಲಿಗಳ ಅಂತರವಿದ್ದರೂ ಬದುಕಿನ ಅಂತರ ದೊಡ್ಡದು. ಮಳೆ ಕೈಕೊಟ್ಟ ವರ್ಷ, ಅಥವಾ ಸುಗ್ಗಿ ಮುಗಿದು ಕೂಲಿ ಇಲ್ಲವಾದ ತಿಂಗಳುಗಳಲ್ಲಿ, ಕುಟುಂಬ ಸಮೇತ ದುಡಿಮೆ ಹುಡುಕಿ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದುಗಳಿಗೆ ಹೊರಡುವುದನ್ನು ಈ ಭಾಗದಲ್ಲಿ ‘ಗುಳೆ ಹೋಗುವುದು’ ಎನ್ನುತ್ತಾರೆ. ಗುಳೆ ಹೊರಟ ಮನೆಯ ಮಕ್ಕಳಲ್ಲಿ ಕೆಲವರು ತಂದೆತಾಯಿಯ ಹಿಂದೆ ಹೋಗುತ್ತಾರೆ, ಕೆಲವರು ಅಜ್ಜಿಯ ಬಳಿ ಉಳಿಯುತ್ತಾರೆ, ಮತ್ತೆ ಕೆಲವರು ವಸತಿ ಶಾಲೆ ಅಥವಾ ಹಾಸ್ಟೆಲು ಸೇರುತ್ತಾರೆ. ಇನ್ನು ಲಿಂಗಸುಗೂರು ತಾಲ್ಲೂಕಿನ ಉತ್ತರದ ಅಂಚಿನಲ್ಲಿ ಕೃಷ್ಣೆ ಕವಲೊಡೆದು ಹರಿಯುವಲ್ಲಿ ಜಲದುರ್ಗ, ಕರಕಲಗಡ್ಡಿಗಳಂಥ ನಡುಗಡ್ಡೆಗಳಿದ್ದು, ನಾರಾಯಣಪುರದ ಬಸವಸಾಗರ ಅಣೆಕಟ್ಟೆಯಿಂದ ಭಾರೀ ಪ್ರಮಾಣದಲ್ಲಿ ನೀರು ಬಿಟ್ಟಾಗ ಶೀಲಹಳ್ಳಿಯ ಸೇತುವೆ ಮುಳುಗಿ, ಆಚೆಯ ಜನ ದಿನಗಟ್ಟಲೆ ಹೊರಗಿನ ಸಂಪರ್ಕವಿಲ್ಲದೆ ಉಳಿಯುತ್ತಾರೆ. 2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿಯೂ ಇದೇ ಪಾಡಾಗಿತ್ತು. ಆದ್ದರಿಂದ ‘ನಡುವೆ ನೀರು ನಿಂತಾಗ ಅಥವಾ ನೂರಾರು ಮೈಲಿ ಬಂದಾಗ ಮನೆಯವರನ್ನು ಮಾತಾಡಿಸುವುದು ಹೇಗೆ’ ಎಂಬ ಪ್ರಶ್ನೆಗೆ ಈ ಭಾಗದ ಜನ ತಮ್ಮದೇ ಉತ್ತರಗಳನ್ನು ಮೊದಲೇ ಕಂಡುಕೊಂಡಿದ್ದರು. ಬಸ್ಸಿನ ಡ್ರೈವರನ ಕೈಯಲ್ಲಿ ಹೇಳಿಕಳಿಸುವುದು, ಕಿರಾಣಿ ಅಂಗಡಿಯ ಫೋನಿಗೆ ಗೊತ್ತಾದ ಹೊತ್ತಿಗೆ ಕರೆ ಮಾಡುವುದು, ಕಾಸು ಉಳಿಸಲು ‘ಮಿಸ್ಡ್ ಕಾಲ್’ ಕೊಟ್ಟು ಆರಾಮಿದ್ದೇವೆಂದು ಸೂಚಿಸುವುದು ಇವು ಆ ಉತ್ತರಗಳು. ಒಮ್ಮೆ ಬಡಿದು ನಿಂತ ಆ ಫೋನಿನ ಸದ್ದಿನಲ್ಲಿ ಒಂದು ಅಕ್ಷರವೂ ಇರಲಿಲ್ಲ, ಆದರೂ ಅಜ್ಜಿಯ ಮಗ್ಗುಲಲ್ಲಿ ಮಲಗಿದ ಮಗುವಿಗೆ ಅದರಿಂದ ನಿದ್ದೆ ಬರುತ್ತಿತ್ತು.

ಲಾಕ್‌ಡೌನ್ ಈ ವ್ಯವಸ್ಥೆಯನ್ನು ತಲೆಕೆಳಗು ಮಾಡಿತು. ದುಡಿಯಲು ಹೋದವರು ಕೆಲಸವಿಲ್ಲದೆ ಊರಿಗೆ ಮರಳಿದರು, ಮರಳಿದವರನ್ನು ಇರಿಸಲು ಶಾಲೆ, ಹಾಸ್ಟೆಲುಗಳೇ ಕ್ವಾರಂಟೈನ್ ಕೇಂದ್ರಗಳಾದವು. ‘ಕ್ವಾರಂಟೈನ್’ ಎಂದರೆ ಸೋಂಕು ತಗುಲಿರಬಹುದಾದವರನ್ನು ನಿಗದಿತ ದಿನಗಳವರೆಗೆ ಬೇರೆಯಾಗಿ ಇರಿಸುವ ಪದ್ಧತಿ. ಮಗು ತಾನು ಕೂತು ಓದಿದ ಕೋಣೆಯ ಕಿಟಕಿಯಲ್ಲಿ ತನ್ನ ತಂದೆಯ ಮುಖವನ್ನು ಕಂಡು, ದೂರದಿಂದಲೇ ಕೈಯಾಡಿಸಿ ಮರಳಬೇಕಾದ ಸಂದರ್ಭಗಳೂ ಇದರಿಂದ ಒದಗಿದವು. ಶಾಲೆಯೆಂದರೆ ಪಾಠ, ಬಿಸಿಯೂಟ, ಹಾಲು, ಗೆಳೆಯರ ಬಳಗ. ಇವೆಲ್ಲ ಒಂದೇ ದಿನ ತಪ್ಪಿಹೋದ ಮೇಲೆ ಉಳಿದದ್ದು ಮನೆಯಲ್ಲಿ ಫೋನು ಇದ್ದರೆ ಆ ಫೋನು.

ಅದು ಇದ್ದುದು ಎಷ್ಟು ಮನೆಗಳಲ್ಲಿ? ರಾಷ್ಟ್ರೀಯ ಮಾದರಿ ಸಮೀಕ್ಷೆಯ 2017–18ರ 75ನೆಯ ಸುತ್ತಿನ ಪ್ರಕಾರ ಭಾರತದ ನಗರಗಳಲ್ಲಿ ಶೇ. 42ರಷ್ಟು ಮನೆಗಳಿಗೆ ಅಂತರಜಾಲದ ಸೌಲಭ್ಯವಿದ್ದರೆ ಹಳ್ಳಿಗಳಲ್ಲಿ ಶೇ. 15ರಷ್ಟು ಮನೆಗಳಿಗೆ ಮಾತ್ರ ಇತ್ತು. ‘ಅಸರ್’ ಎಂದು ಹೆಸರಾದ ಗ್ರಾಮೀಣ ಶಿಕ್ಷಣ ಸಮೀಕ್ಷೆಯು, ಶಾಲೆಗೆ ದಾಖಲಾದ ಮಕ್ಕಳ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದ್ದವುಗಳ ಪ್ರಮಾಣ 2018ರ ಶೇ. 36.5ರಿಂದ 2020ರಲ್ಲಿ ಶೇ. 61.8ಕ್ಕೆ ಏರಿತೆಂದು ದಾಖಲಿಸಿತು. ಈ ಏರಿಕೆ ನಿಜ. ಆದರೆ ಮನೆಯಲ್ಲಿ ಒಂದು ಫೋನಿರುವುದಕ್ಕೂ ಮಗುವಿನ ಕೈಗೆ ಅದು ಸಿಗುವುದಕ್ಕೂ ವ್ಯತ್ಯಾಸವಿದೆ. ದಕ್ಷಿಣ ಕನ್ನಡದ ಸುಳ್ಯದ ಕಡೆ ಸಿಗ್ನಲ್ ಹುಡುಕಿ ರಸ್ತೆ ಬದಿಗೆ ಬಂದು ಮಳೆಯಲ್ಲಿ ಕೂತ ವಿದ್ಯಾರ್ಥಿನಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವೊಂದು 2021ರ ಜೂನ್‌ನಲ್ಲಿ ನಾಡಿನಾದ್ಯಂತ ಹರಡಿ, ಅಂತರಜಾಲದ ಬಡತನವೆಂದರೆ ಬೆಟ್ಟ ಕಾಡುಗಳ ನೆಟ್‌ವರ್ಕ್ ಸಮಸ್ಯೆ ಎಂಬ ಭಾವನೆಯನ್ನು ಬಲಪಡಿಸಿತು. ಬಯಲುಸೀಮೆಯ ಕಷ್ಟದ ಬಗೆಯೇ ಬೇರೆ. ಇಲ್ಲಿ ಟವರಿನ ಸಿಗ್ನಲ್ಲಿಗೆ ಅಡ್ಡ ಬರುವ ಬೆಟ್ಟಗಳು ಕಡಿಮೆ. ಫೋನು ಅಪ್ಪನ ಅಂಗಿಯ ಜೇಬಿನಲ್ಲಿ ಕುಳಿತು ಬೆಳಿಗ್ಗೆ ಏಳಕ್ಕೇ ಕೂಲಿಗೆ ಹೋಗಿಬಿಡುತ್ತದೆ, ಇಲ್ಲವೇ ರೀಚಾರ್ಜಿನ ಅವಧಿ ಮುಗಿದು ಗೂಡಿನಲ್ಲಿ ಸುಮ್ಮನೆ ಬಿದ್ದಿರುತ್ತದೆ. ಆ ಚಿತ್ರಕ್ಕಿಂತ ಮೊದಲೇ, 2020ರ ನಡುವಿನಲ್ಲಿ, ಬೆಂಗಳೂರಿನಲ್ಲಿ ಚಿಕ್ಕ ಮಕ್ಕಳಿಗೆ ಆನ್‌ಲೈನ್ ತರಗತಿ ಬೇಕೇ ಬೇಡವೇ, ಪರದೆಯ ಮುಂದೆ ಎಷ್ಟು ಹೊತ್ತು ಕೂರಿಸಬಹುದು ಎಂಬ ಚರ್ಚೆ ಜೋರಾಗಿ, ಸರ್ಕಾರ ಕಿರಿಯ ತರಗತಿಗಳ ಆನ್‌ಲೈನ್ ಪಾಠವನ್ನು ನಿಷೇಧಿಸಿತು; ಜುಲೈನಲ್ಲಿ ಹೈಕೋರ್ಟು ಆ ಆದೇಶಕ್ಕೆ ತಡೆ ನೀಡಿತು. ಎರಡೂ ಕಡೆಯ ವಾದಗಳಲ್ಲಿ ಹುರುಳಿತ್ತು; ಆದರೆ ಪರದೆಯೇ ಇಲ್ಲದ ಮಗು ಆ ವಾದದಲ್ಲಿ ಯಾವ ಕಡೆಗೂ ಸೇರಿರಲಿಲ್ಲ.

ಸರ್ಕಾರ 2020ರ ಜುಲೈನಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗಾಗಿ ‘ಸಂವೇದ’ ಎಂಬ ಪಾಠಮಾಲೆಯನ್ನು ಪ್ರಸಾರ ಮಾಡಿತು. ಪಾಠಗಳು ಅಚ್ಚುಕಟ್ಟಾಗಿದ್ದವು, ವಿಷಯ ತಲುಪಿಸುವ ಕೆಲಸದಲ್ಲಿ ಅವುಗಳ ಉಪಕಾರವನ್ನು ಅಲ್ಲಗಳೆಯಲಾಗದು. ಟಿವಿಯಲ್ಲಿ ಪಾಠ ಹೇಳುವವರು ಮಾತಾಡಬಲ್ಲರೇ ಹೊರತು ಮಾತಾಡಿಸಲಾರರು, ಅಷ್ಟೇ. ಹೆಚ್ಚಿನ ಸರ್ಕಾರಿ ಶಾಲೆಗಳು ಜೊತೆಗೆ ವಾಟ್ಸಾಪ್ ಗುಂಪುಗಳನ್ನೂ ಕಟ್ಟಿಕೊಂಡವು. ಅಂಥ ಗುಂಪಿನ ಒಂದು ದಿನವನ್ನು ಹತ್ತಿರದಿಂದ ನೋಡುವುದು ಉಚಿತ. ಬೆಳಿಗ್ಗೆ ಹತ್ತರ ಸುಮಾರಿಗೆ ಶಿಕ್ಷಕರು ಒಂದು ಪುಟ ಲೆಕ್ಕದ ಚಿತ್ರ ಕಳಿಸುತ್ತಾರೆ. ಸಂಜೆಯತನಕ ಗುಂಪಿನಲ್ಲಿ ಸದ್ದಿಲ್ಲ, ಏಕೆಂದರೆ ಫೋನುಗಳೆಲ್ಲ ಹೊಲ, ಗದ್ದೆ, ಅಂಗಡಿ, ಕಟ್ಟಡದ ಕೆಲಸಗಳಲ್ಲಿವೆ. ರಾತ್ರಿ ಎಂಟು ದಾಟಿದ ಮೇಲೆ ಒಂದೊಂದಾಗಿ ಉತ್ತರಗಳು ಬೀಳತೊಡಗುತ್ತವೆ: ಮಂದ ಬಲ್ಬಿನ ಹಳದಿ ಬೆಳಕಿನಲ್ಲಿ ಓರೆಯಾಗಿ ತೆಗೆದ ನೋಟ್‌ಬುಕ್ಕಿನ ಹಾಳೆ, ಹಾಳೆಯ ಮೂಲೆಯಲ್ಲಿ ಅದನ್ನು ಒತ್ತಿ ಹಿಡಿದ ಹೆಬ್ಬೆರಳು, ಉಗುರಿನಲ್ಲಿ ಶೇಂಗಾ ಬಿಡಿಸಿದ ಮಣ್ಣು. ಆ ಚಿತ್ರಕ್ಕೆ ಶಿಕ್ಷಕರ ಕಡೆಯಿಂದ ಎರಡು ಬಗೆಯ ಮರುತ್ತರ ಬರುವುದುಂಟು. ಒಂದು, ಮೇಲೆತ್ತಿದ ಹೆಬ್ಬೆರಳಿನ ಸಿದ್ಧ ಚಿತ್ರ. ಇನ್ನೊಂದು, ಹೆಸರು ಹಿಡಿದು ಕರೆದು, ‘ಲೆಕ್ಕ ಬರೋಬ್ಬರಿ ಐತಿ, ತಮ್ಮಗ ಜ್ವರ ಇಳೀತೇನು?’ ಎಂದು ಕೇಳುವ ಅರ್ಧ ನಿಮಿಷದ ಧ್ವನಿ ಸಂದೇಶ. ತಾಂತ್ರಿಕವಾಗಿ ಎರಡೂ ಒಂದೇ ಸಂಪರ್ಕ, ಎರಡಕ್ಕೂ ಖರ್ಚಾಗುವ ಡೇಟಾ ಎಣಿಕೆಗೆ ಬಾರದಷ್ಟು ಅಲ್ಪ. ಎರಡನೆಯದನ್ನು ಮಗು ಮರುದಿನವೂ ಕೇಳಿಸಿಕೊಳ್ಳುತ್ತದೆ, ಓದುಬರಹ ತಿಳಿಯದ ತಾಯಿಗೂ ಕೇಳಿಸುತ್ತದೆ. 2011ರ ಜನಗಣತಿಯಂತೆ ಹೆಂಗಸರಲ್ಲಿ ಅಕ್ಷರಸ್ಥರ ಪ್ರಮಾಣ ಅರ್ಧಕ್ಕಿಂತ ತುಸು ಕಡಿಮೆಯಿದ್ದ ರಾಯಚೂರು ಜಿಲ್ಲೆಯಲ್ಲಿ ಧ್ವನಿ ಸಂದೇಶದ ಬೆಲೆಯನ್ನು ಕಡಿಮೆ ಅಂದಾಜು ಮಾಡಬಾರದು. ಬರೆದು ಕಳಿಸಿದ ಸೂಚನೆ ತಾಯಿಯನ್ನು ಹೊರಗಿಡುತ್ತದೆ, ದನಿ ಅವಳನ್ನು ಒಳಗೆ ಕರೆದುಕೊಳ್ಳುತ್ತದೆ.

ಈ ಅರ್ಧ ನಿಮಿಷದ ದನಿಗೆ ಇಷ್ಟು ಮಹತ್ವ ಕೊಡುವುದಕ್ಕೆ ಆಧಾರವಿದೆ. ಹವಾಯಿ ದ್ವೀಪಸಮೂಹದ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಮತ್ತು ರೂತ್ ಸ್ಮಿತ್ ಅವರು ದಶಕಗಳ ಕಾಲ ಹಿಂಬಾಲಿಸಿ ನಡೆಸಿದ ಅಧ್ಯಯನವು ಮನಸ್ಸಿನ ತಾಳಿಕೆಯ ಕುರಿತ ಚಿಂತನೆಗೆ ತಳಪಾಯ ಹಾಕಿತು. ಬಡತನ, ಮನೆಯ ಜಗಳ, ತಂದೆತಾಯಿಯ ಕಾಯಿಲೆ, ಕುಡಿತ ಇತ್ಯಾದಿ ಹಲವು ತೊಂದರೆಗಳ ನಡುವೆ ಹುಟ್ಟಿದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮುಂದೆ ಆತ್ಮವಿಶ್ವಾಸದ, ಅಕ್ಕರೆಯ, ನೆಲೆ ಕಂಡುಕೊಂಡ ವಯಸ್ಕರಾಗಿ ಬೆಳೆದರು. ಅವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿಗಳಲ್ಲೊಂದು, ಅಜ್ಜಿಯೋ ಶಿಕ್ಷಕಿಯೋ ನೆರೆಯವರೋ ಯಾರಾದರೂ ಒಬ್ಬ ಹಿರಿಯರು ಆ ಮಗುವಿನ ಮೇಲೆ ಬಿಡದೆ ಅಕ್ಕರೆ ಇಟ್ಟಿದ್ದರು ಎಂಬುದು. ಮುಂದೆ ಆನ್ ಮಾಸ್ಟನ್ ಎಂಬ ವಿದ್ವಾಂಸೆ 2001ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ತಾಳಿಕೆ ಅಪರೂಪದ ಕೆಲವರಿಗೆ ಹುಟ್ಟಿನಿಂದ ಬಂದ ವರವಲ್ಲ, ದಿನನಿತ್ಯದ ಸಾಮಾನ್ಯ ಸಂಬಂಧಗಳು ಸರಿಯಾಗಿ ನಡೆದಾಗ ಯಾವ ಮಗುವಿನಲ್ಲಿಯೂ ಮೂಡಬಹುದಾದ ಶಕ್ತಿ ಎಂದು ವಾದಿಸಿದರು. ಈ ಮಾತನ್ನು ಒಪ್ಪಿದರೆ ‘ನಮ್ಮ ಹಳ್ಳಿ ಮಕ್ಕಳು ಗಟ್ಟಿ, ಏನು ಬಂದರೂ ತಡಕೊಳ್ಳುತ್ತಾರೆ’ ಎಂಬ ಮೆಚ್ಚುಗೆಯನ್ನು ಸಂದೇಹದಿಂದ ನೋಡಬೇಕಾಗುತ್ತದೆ. ಅವರು ತಡೆದುಕೊಂಡದ್ದು ಯಾರದೋ ಆಸರೆಯಿಂದ. ಆಸರೆ ಇಲ್ಲದವರು ತಡೆದುಕೊಳ್ಳಲಿಲ್ಲ, ಸುಮ್ಮನಾದರು.

2020ರ ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ ಯೋಜನೆ ಈ ದೃಷ್ಟಿಯಿಂದ ಆ ಕಾಲದ ಅತ್ಯಂತ ಅರ್ಥಪೂರ್ಣ ಪ್ರಯತ್ನ ಎನ್ನಬೇಕು. ಸ್ಮಾರ್ಟ್‌ಫೋನ್ ಮತ್ತು ಅಂತರಜಾಲ ಇರುವವರು, ಸಾಮಾನ್ಯ ಫೋನು ಮಾತ್ರ ಇರುವವರು, ಯಾವ ಫೋನೂ ಇಲ್ಲದವರು ಎಂದು ಮಕ್ಕಳನ್ನು ಮೂರು ಬಗೆಯಾಗಿ ಗುರುತಿಸಿ, ಶಿಕ್ಷಕರೇ ಓಣಿ ಓಣಿಗೆ ಹೋಗಿ ಗುಡಿಯ ಪೌಳಿ, ಸಮುದಾಯ ಭವನ, ಮರದ ನೆರಳುಗಳಲ್ಲಿ ಚಿಕ್ಕ ಗುಂಪುಗಳಿಗೆ ಪಾಠ ಹೇಳುವ ಕ್ರಮ ಇದಾಗಿತ್ತು. ಜನ ಇದನ್ನು ವಠಾರ ಶಾಲೆ ಎಂದರು. ಪಾಠಕ್ಕಿಂತ ಮೊದಲು ಇಲ್ಲಿ ನಡೆಯುತ್ತಿದ್ದುದು ಎಣಿಕೆ. ಯಾರು ಬಂದಿಲ್ಲ, ಏಕೆ ಬಂದಿಲ್ಲ, ಯಾರ ಮನೆಯಲ್ಲಿ ಕಾಯಿಲೆ, ಯಾರು ಹೊಲಕ್ಕೆ ಹೋಗತೊಡಗಿದ್ದಾರೆ ಎಂಬುದು ಅಲ್ಲಿ ಕೂತ ಹತ್ತು ನಿಮಿಷದಲ್ಲಿ ಓರಿಗೆಯ ಮಕ್ಕಳ ಬಾಯಿಂದಲೇ ತಿಳಿಯುತ್ತಿತ್ತು. ಫೋನಿನ ಗುಂಪಿನಲ್ಲಿ ಇಲ್ಲದ ಮಗು ಇಲ್ಲವೆಂದು ತಿಳಿಯುವುದೇ ಇಲ್ಲ. ಮರದ ಕೆಳಗೆ ಅದು ಕೂರುತ್ತಿದ್ದ ಜಾಗ ಖಾಲಿಯಾಗಿ ಕಾಣುತ್ತದೆ. ಸೋಂಕು ಹರಡುತ್ತದೆಂಬ ಆತಂಕ, ಶಿಕ್ಷಕರೇ ರೋಗಕ್ಕೆ ತುತ್ತಾದ ವರದಿಗಳ ನಡುವೆ ಯೋಜನೆಯನ್ನು ಅಕ್ಟೋಬರ್‌ನಲ್ಲಿ ತಡೆಹಿಡಿಯಲಾಯಿತು. ಆ ತೀರ್ಮಾನದ ಹಿಂದಿನ ಭಯ ಸುಳ್ಳಾಗಿರಲಿಲ್ಲ. ಆದರೆ ಅಕ್ಟೋಬರ್ ಎಂದರೆ ಈ ಭಾಗದಲ್ಲಿ ಹತ್ತಿ ಬಿಡಿಸುವ ಕೆಲಸ ಶುರುವಾಗುವ ಹೊತ್ತು, ಅದರ ಬೆನ್ನಿಗೆ ಮೆಣಸಿನಕಾಯಿ ಬಿಡಿಸುವುದು. ಎಣಿಸುವವರು ಇಲ್ಲವಾದ ತಿಂಗಳಲ್ಲಿಯೇ ಮಕ್ಕಳನ್ನು ತುಂಬಿಕೊಂಡು ಹೊಲಗಳತ್ತ ಹೋಗುವ ಟಂಟಂ ಗಾಡಿಗಳಿಗೆ ಕೆಲಸ ಹೆಚ್ಚಿತು.

ಕಾಲೇಜು ವಿದ್ಯಾರ್ಥಿಗಳ ಸ್ಥಿತಿ ಭಿನ್ನವಾಗಿತ್ತು. ಹಿಂದುಳಿದ ವರ್ಗಗಳ ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಲ್ಲಿದ್ದು ರಾಯಚೂರು, ಕಲಬುರಗಿ, ಧಾರವಾಡಗಳಲ್ಲಿ ಓದುತ್ತಿದ್ದವರು, ಪೊಲೀಸ್ ಪೇದೆ, ಎಫ್‌ಡಿಎ, ಕೆಎಎಸ್ ಪರೀಕ್ಷೆಗಳಿಗೆ ತಯಾರಾಗುತ್ತಿದ್ದವರು, ಒಮ್ಮೆಲೇ ಟ್ರಂಕು ಹೊತ್ತು ಹಳ್ಳಿಗೆ ಮರಳಿದರು. ಹಾಸ್ಟೆಲ್ ಇವರಿಗೆ ಊಟ ವಸತಿಯ ಜಾಗ ಮಾತ್ರವಾಗಿರಲಿಲ್ಲ. ಜಾತಿಯ ಹೆಸರಿಲ್ಲದೆ, ಮನೆಯ ಹಂಗಿಲ್ಲದೆ, ರಾತ್ರಿ ಹನ್ನೆರಡರವರೆಗೆ ವಾದ ಮಾಡಬಹುದಾದ ಜಾಗ ಅವರ ಬದುಕಿನಲ್ಲಿ ಅದೊಂದೇ ಇತ್ತು. ಅವರ ಕೈಯಲ್ಲಿ ಸ್ವಂತದ ಫೋನುಗಳಿದ್ದುದರಿಂದ ಕೋಣೆಯ ಗೆಳೆಯರ ಗುಂಪುಗಳು ಜೀವಂತವಾಗಿ ಉಳಿದವು, ಚಾಲ್ತಿ ಘಟನೆಗಳ ಟಿಪ್ಪಣಿ ಹಂಚಿಕೊಂಡರು, ರಾತ್ರಿ ಹತ್ತಕ್ಕೆ ಫೋನಿನಲ್ಲಿಯೇ ಒಬ್ಬರಿಗೊಬ್ಬರು ಪ್ರಶ್ನೆ ಕೇಳಿಕೊಂಡರು. ಇಲ್ಲಿ ಗಮನಿಸಬೇಕಾದುದು, ಈ ಆಸರೆ ಅಂತರಜಾಲದಲ್ಲಿ ಹುಟ್ಟಿದುದಲ್ಲ ಎಂಬುದು. ಹಾಸ್ಟೆಲಿನ ಒಂದೇ ತಟ್ಟೆಯಲ್ಲಿ ಉಂಡ ಗೆಳೆತನವನ್ನು ಅಂತರಜಾಲ ಕೆಲವು ತಿಂಗಳು ಕೆಡದಂತೆ ಕಾಪಿಟ್ಟಿತು. 2020ರ ಆ ವರ್ಷವೇ ಮೊದಲ ಬಾರಿಗೆ ಪಿಯುಸಿಗೋ ಪದವಿಗೋ ಸೇರಿ, ಸಹಪಾಠಿಗಳ ಮುಖವನ್ನೇ ನೋಡದೆ ಆನ್‌ಲೈನ್ ತರಗತಿಗೆ ಕೂತವರಿಗೆ ಈ ಕಾಪಿಟ್ಟ ಬುತ್ತಿ ಇರಲಿಲ್ಲ. ಅವರ ಪಾಲಿಗೆ ತರಗತಿಯೆಂದರೆ ಮೈಕು ಮುಚ್ಚಿದ, ಕ್ಯಾಮೆರಾ ಆರಿಸಿದ, ಹೆಸರಿನ ಮೊದಲ ಅಕ್ಷರ ಮಾತ್ರ ಕಾಣುವ ಅರವತ್ತು ಬಣ್ಣದ ವೃತ್ತಗಳು. ಮಾತಾಡದೆ, ಯಾರೂ ಮಾತಾಡಿಸದೆ, ಇತರರ ಚಿತ್ರ, ವಿಡಿಯೋಗಳನ್ನು ಬೆರಳಿನಿಂದ ಸರಿಸುತ್ತ ಗಂಟೆಗಟ್ಟಲೆ ಕಳೆಯುವುದನ್ನು ಸಂಶೋಧಕರು ‘ನಿಷ್ಕ್ರಿಯ ಬಳಕೆ’ ಎನ್ನುತ್ತಾರೆ. ಸಂಪರ್ಕದಲ್ಲಿದ್ದೂ ಒಂಟಿಯಾಗಿರುವ ಈ ಸ್ಥಿತಿಗೆ ಹಳೆಯ ಗೆಳೆತನವಿಲ್ಲದ ಹೊಸ ವಿದ್ಯಾರ್ಥಿಗಳು ಬೇಗ ಜಾರಿದರು.

ಹೆಣ್ಣುಮಕ್ಕಳ ಪ್ರಶ್ನೆಗೆ ಹೆಚ್ಚು ಸ್ಥಳ ಸಲ್ಲಬೇಕು. ಹುಡುಗನಿಗೆ ಶಾಲೆ ಮುಚ್ಚಿದರೂ ಅಗಸೆಕಟ್ಟೆ, ಚಹಾದ ಅಂಗಡಿ, ಕೋಟೆಯ ಕೊತ್ತಲಿನ ಬಯಲು ಮುಚ್ಚುವುದಿಲ್ಲ. ಲಾಕ್‌ಡೌನಿನ ಬಿಗಿ ಸಡಿಲಾದ ಮರುದಿನವೇ ಮುದಗಲ್ ಕೋಟೆಯ ಕಂದಕದ ಆಸುಪಾಸಿನಲ್ಲಿ ಕ್ರಿಕೆಟ್ ಆಡುವ ಗುಂಪು ಮತ್ತೆ ಕೂಡುತ್ತದೆ. ಹುಡುಗಿಗೆ ಓರಿಗೆಯವರನ್ನು ಕಾರಣ ಹೇಳದೆ ಭೇಟಿಯಾಗಬಹುದಾದ ಏಕೈಕ ಜಾಗ ಶಾಲೆ, ಮತ್ತು ಶಾಲೆಗೆ ನಡೆದು ಹೋಗುವ ದಾರಿ. ಅದು ಇಲ್ಲವಾದಾಗ ಅವಳ ಪಾಲಿಗೆ ಬಂದದ್ದು ನೀರು, ರೊಟ್ಟಿ, ಮುಸುರೆ, ತಮ್ಮ ತಂಗಿಯರ ಆರೈಕೆ. ಮನೆಗೆ ಫೋನು ಬಂದಾಗ ಅದು ಮೊದಲು ಅಣ್ಣನ ಕೈ ಸೇರುವುದು, ಅವಳ ಸರದಿ ಬಂದಾಗ ಯಾರೊಡನೆ ಮಾತು, ಎಷ್ಟು ಹೊತ್ತು ಎಂದು ಮನೆಯವರು ಬಾಗಿಲಲ್ಲಿ ನಿಂತು ಕೇಳುವುದು ಅಪರೂಪದ ಸಂಗತಿಗಳಲ್ಲ. ಗೆಳತಿಯೊಡನೆ ಆಡುವ ಗುಟ್ಟಿನ ಮಾತು, ಮುಟ್ಟಿನ ನೋವು, ಮದುವೆಯ ಮಾತುಕತೆಯ ಭಯ ಇವನ್ನೆಲ್ಲ ಸ್ಪೀಕರ್ ಹಾಕಿದ ಫೋನಿನಲ್ಲಿ ಹೇಳಿಕೊಳ್ಳಲಾಗದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಂತೆ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ಶೇ. 21ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಶಾಲೆ ಮುಚ್ಚುವ ಮೊದಲಿನ ತಿಂಗಳುಗಳಲ್ಲಿಯೇ ಇಂಥ ಸ್ಥಿತಿ ಇದ್ದಾಗ, ಹುಡುಗಿಯನ್ನು ದಿನವೂ ಕಾಣುತ್ತಿದ್ದ ಶಿಕ್ಷಕಿಯ ಕಣ್ಣು ತಪ್ಪಿದ್ದು ಎಂಥ ನಷ್ಟವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಮಕ್ಕಳ ಮಟ್ಟಿಗೆ ಅಂತರಜಾಲದ ಸಂಪರ್ಕ ಎಂಬುದಕ್ಕೆ ಅರ್ಥ ಬರಬೇಕಾದರೆ ವೇಗದ ಡೇಟಾಕ್ಕಿಂತ ಮೊದಲು ಬೇಕಾದುದು, ಮನೆಯವರ ಕಿವಿಯಿಂದ ದೂರವಾದ ಹತ್ತು ನಿಮಿಷ. ಹೆಣ್ಣುಮಕ್ಕಳೊಡನೆ ಮಾತಾಡಬೇಕೆಂದು ಶಿಕ್ಷಕಿಯೊಬ್ಬರು ತಾಯಿಯ ಬಳಿ ಅನುಮತಿ ಕೇಳಿ ಕರೆ ಮಾಡಿದಲ್ಲಿ ಆ ಹತ್ತು ನಿಮಿಷ ಸಿಕ್ಕಿತು. ಸಂಬಂಧದ ಮರ್ಯಾದೆಯನ್ನು ಬಲ್ಲ ಕರೆಗೆ ತೆರೆದ ಬಾಗಿಲು ಸೂಚನೆಯ ಸಂದೇಶಕ್ಕೆ ತೆರೆಯಲಿಲ್ಲ.

ಪರದೆಯ ಮೇಲೆ ಕಾಣಬಹುದಾದ, ಆದರೆ ಕೈಗೆ ಸಿಗದ ಇನ್ನೊಂದು ಸಂಗತಿ ಮೊಹರಂ. ಮುದಗಲ್ಲಿನ ಮೊಹರಂ ಹಿಂದೂ ಮುಸ್ಲಿಮರು ಕೂಡಿ ಆಚರಿಸುವ ಹಬ್ಬವೆಂದು ನಾಡಿಗೆಲ್ಲ ಹೆಸರಾಗಿದ್ದು, ದೂರ ದುಡಿಯಲು ಹೋದವರೂ ಅದಕ್ಕೆಂದು ಊರಿಗೆ ಬರುತ್ತಾರೆ; ಬೆಂಕಿ ಹೊತ್ತಿಸಿದ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವುದನ್ನು, ಮೊಹರಂ ಹಾಡುಗಳಾದ ರಿವಾಯತ್ ಪದಗಳ ಸೊಲ್ಲು ಎತ್ತುವುದನ್ನು ಮಕ್ಕಳು ಯಾರೂ ಕಲಿಸದೆಯೇ ದೊಡ್ಡವರ ಮಗ್ಗುಲಲ್ಲಿ ನಿಂತು ಕಲಿಯುತ್ತಾರೆ. 2020ರ ಆಗಸ್ಟ್ ಕೊನೆಯಲ್ಲಿ ಬಂದ ಮೊಹರಂನಲ್ಲಿ ಮೆರವಣಿಗೆ, ಜನಸಂದಣಿಗಳಿಗೆ ನಿರ್ಬಂಧವಿತ್ತು. ಹಿಂದಿನ ವರ್ಷಗಳ ಕುಣಿತವನ್ನು ಮೊಬೈಲಿನಲ್ಲಿ ನೋಡಬಹುದಿತ್ತು. ಪಕ್ಕದವನ ಭುಜಕ್ಕೆ ಭುಜ ತಾಗಿಸಿ ಹೆಜ್ಜೆ ತಪ್ಪಿದಾಗ ತಿದ್ದಿಕೊಳ್ಳುವ ಸುಖ ಅದರಲ್ಲಿ ಇರಲಿಲ್ಲ. ವೈಸ್ ಅವರು ಹೇಳಿದ ಸಾಮಾಜಿಕ ಒಂಟಿತನ ಎಂದರೆ ಇದೇ. ತಾಯಿ ಪಕ್ಕದಲ್ಲಿಯೇ ಇದ್ದರೂ ತೀರದ ಕೊರತೆ ಇದು.

ಮನಸ್ಸಿನ ತಾಳಿಕೆ ಸವೆದು ಕಾಯಿಲೆಯ ಹಂತ ಮುಟ್ಟಿದಾಗ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಗೆ ಈ ಭಾಗದಲ್ಲಿ ಒಂದು ಹೆಮ್ಮೆಯ ಪರಂಪರೆ ಇರುವುದನ್ನು ಮರೆಯಬಾರದು. ತುಂಗಭದ್ರೆಯ ಆಚೆ ಸಿಂಧನೂರಿಗೆ ನೆರೆಯಾದ ಬಳ್ಳಾರಿ ಜಿಲ್ಲೆಯಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದ ನಡುವಿನಿಂದ ಸುಮಾರು 20 ಲಕ್ಷ ಜನಸಂಖ್ಯೆಗೆ ಹೊಂದುವಂತೆ ಒಂದು ಪ್ರಯೋಗ ನಡೆಸಿತು. ಮನೋರೋಗ ತಜ್ಞರನ್ನು ಕಾಯುತ್ತ ಕೂರದೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳನ್ನು ಗುರುತಿಸಿ ಚಿಕಿತ್ಸೆ ನೀಡುವ ತರಬೇತಿ ಕೊಡುವುದು ಅದರ ಮೂಲ ವಿಚಾರವಾಗಿತ್ತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಈ ಪ್ರಯೋಗವೇ 1996ರಲ್ಲಿ ಆರಂಭವಾದ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಸೋಂಕಿನ ಕಾಲದಲ್ಲಿ ಕೇಂದ್ರ ಸರ್ಕಾರ 2020ರ ಜುಲೈನಲ್ಲಿ ‘ಮನೋದರ್ಪಣ’ ಎಂಬ ಸಹಾಯ ವ್ಯವಸ್ಥೆಯನ್ನು ತೆರೆಯಿತು. 2022ರ ಅಕ್ಟೋಬರ್ 10ರಂದು ‘ಟೆಲಿ ಮಾನಸ್’ ಎಂಬ ಉಚಿತ ಸೇವೆ ಆರಂಭವಾಗಿ, 14416 ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಕನ್ನಡದಲ್ಲಿಯೇ ಆಪ್ತಸಮಾಲೋಚಕರೊಡನೆ ಮಾತಾಡಬಹುದಾಗಿದೆ. ಇದಕ್ಕೆ ಅಂತರಜಾಲವೂ ಬೇಡ, ಗುಂಡಿಯೊತ್ತುವ ಹಳೆಯ ಫೋನೇ ಸಾಕು. ಆದರೆ ಗುರುತಿಲ್ಲದ ದನಿಗೆ ತನ್ನ ಮನಸ್ಸು ಬಿಚ್ಚಲು ಹದಿನೈದರ ಹುಡುಗ ಹುಡುಗಿಯರು ತಾವಾಗಿ ಮುಂದಾಗುವುದು ಕಷ್ಟ. ‘ಈ ನಂಬರಿಗೆ ಫೋನ್ ಹಚ್ಚೋಣ, ನಾನೂ ಕೂಡ್ತೀನಿ’ ಎಂದು ಪಕ್ಕದಲ್ಲಿ ಕೂರುವ ಪರಿಚಯದ ಶಿಕ್ಷಕರೋ ಆಶಾ ಕಾರ್ಯಕರ್ತೆಯೋ ಇದ್ದಾಗ ಆ ಸಂಖ್ಯೆ ಅವರಿಗೆ ನಿಜವಾಗಿ ತಲುಪುತ್ತದೆ.

ಕಿರಿಯ ಮಕ್ಕಳ ಶಾಲೆಗಳು ತೆರೆಯುವ ಮೊದಲೇ ನಷ್ಟದ ಲೆಕ್ಕ ಹಾಕುವ ಕೆಲಸ ಶುರುವಾಗಿತ್ತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿ 2021ರ ಫೆಬ್ರವರಿಯಲ್ಲಿ ಹೊರತಂದ ಅಧ್ಯಯನದಲ್ಲಿ, ಶೇ. 92ರಷ್ಟು ಮಕ್ಕಳು ಹಿಂದಿನ ವರ್ಷ ಕಲಿತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನು ಕಳೆದುಕೊಂಡಿದ್ದರು. 2022ರಲ್ಲಿ ರಾಜ್ಯ ಸರ್ಕಾರ ‘ಕಲಿಕಾ ಚೇತರಿಕೆ’ ಎಂಬ ಕಾರ್ಯಕ್ರಮವನ್ನು ಕೈಗೊಂಡು ಅಕ್ಷರ, ಅಂಕೆಗಳ ನಷ್ಟವನ್ನು ತುಂಬಲು ಯತ್ನಿಸಿತು. ಮರೆತ ಕಾಗುಣಿತವನ್ನು ಹೀಗೆ ಅಳೆಯಬಹುದು. ತರಗತಿಯಲ್ಲಿ ಕೈಯೆತ್ತುವುದನ್ನೇ ಮರೆತ, ಹೆಸರು ಕರೆದರೆ ಬೆಚ್ಚುವ, ಗೆಳತಿಯ ಪಕ್ಕ ಕೂತೂ ಮಾತು ಹೊಳೆಯದ ಮಗುವನ್ನು ಅಳೆಯುವ ಪಟ್ಟಿ ಯಾವ ಶಾಲೆಯಲ್ಲೂ ಇರಲಿಲ್ಲ. ಅದನ್ನು ಗುರುತಿಸಿದ್ದು ಹಳೆಯ ಪರಿಚಯವುಳ್ಳ ಶಿಕ್ಷಕರ ಕಣ್ಣು ಮಾತ್ರ.

ಆ ಕಾಲದ ವಾಟ್ಸಾಪ್ ಗುಂಪುಗಳು ಇಂದು ಹೆಚ್ಚಿನ ಕಡೆ ರಜೆ, ಸಮವಸ್ತ್ರ, ವಿದ್ಯಾರ್ಥಿವೇತನಗಳ ಸೂಚನಾ ಫಲಕಗಳಾಗಿವೆ. ಆದರೆ ಅಗಲಿಕೆ ಈ ಸೀಮೆಯನ್ನು ಬಿಟ್ಟು ಹೋಗಿಲ್ಲ. ದೀಪಾವಳಿ ಕಳೆದ ಮೇಲೆ ಮುದಗಲ್ ಸುತ್ತಲಿನ ತಾಂಡಾ, ಹಳ್ಳಿಗಳಲ್ಲಿ ಬಾಗಿಲಿಗೆ ಬೀಗ ಹಾಕಿ, ಬೀಗದ ಮುಂದೆ ಜಾಲಿಮುಳ್ಳು ಒಡ್ಡಿ ಗುಳೆ ಹೊರಡುವ ಮನೆಗಳು ಈಗಲೂ ಇವೆ. ಆ ಮನೆಯ ಮಗುವಿನ ಹೆಸರಿನ ಮುಂದೆ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತು ಸಾಲಾಗಿ ಬೀಳುತ್ತ ಹೋಗುತ್ತದೆ. 19 ತಿಂಗಳ ಕಾಲ ದೂರದಲ್ಲಿದ್ದ ಮಕ್ಕಳನ್ನು ಹೆಸರು ಹಿಡಿದು ಮಾತಾಡಿಸಲು ಕಲಿತ ಶಿಕ್ಷಕರು ಇನ್ನೂ ಅದೇ ಶಾಲೆಗಳಲ್ಲಿದ್ದಾರೆ, ನಂಬರುಗಳು ಅವರ ಫೋನುಗಳಲ್ಲಿ ಇವೆ, ಅವುಗಳಲ್ಲಿ ಯಾವುದು ತಂದೆಯದು, ಯಾವುದು ಸೋದರಮಾವನದು, ಯಾವುದು ಮೇಸ್ತ್ರಿಯದು ಎಂಬುದೂ ಅವರಿಗೆ ಗೊತ್ತು. ಪುಣೆಯ ಕಟ್ಟಡವೊಂದರ ತಗಡಿನ ಶೆಡ್ಡಿಗೆ ತಂದೆ ಕೆಲಸ ಮುಗಿಸಿ ಬಂದು ಕೈಕಾಲು ತೊಳೆದು ಫೋನನ್ನು ಚಾರ್ಜಿಗೆ ಹಾಕುವುದು ಸಂಜೆ ಏಳೂವರೆಯ ಸುಮಾರಿಗೆ. ಆ ಹೊತ್ತಿಗೆ ಶಾಲೆಯ ಕಡೆಯಿಂದ ಕರೆ ಬಂದರೆ ಎತ್ತಿಕೊಳ್ಳುವುದು ಮಗುವೇ.